ನಿಂಗಣ್ಣ ಬಡಿಸಿದ ಆಂಪ್ಲಿಫೈಯರ್

ದೇವಲಾಪುರದ ನಿಂಗಣ್ಣ ಯಾವ ಯಂತ್ರ ಬಿಚ್ಚುವುದಿದ್ದರೂ ಮೊದಲು ಬಾಳೆಎಲೆ ಹಾಸುತ್ತಿದ್ದ. ನೀರು ಚಿಮುಕಿಸಿ ಒರೆಸುತ್ತಿದ್ದ. ಸುತ್ತಲ ಊರಿನ ಮದುವೆಗಳಲ್ಲೆಲ್ಲ ಊಟ ಬಡಿಸಿದ ಕೈ ಅದು. ಸ್ಕ್ರೂಗಳು ಉಪ್ಪಿನ ಜಾಗಕ್ಕೆ, ಸ್ಪ್ರಿಂಗು ಉಪ್ಪಿನಕಾಯಿ ಜಾಗಕ್ಕೆ, ವೈರುಗಳು ಪಲ್ಯದ ಜಾಗಕ್ಕೆ. ಬೋರ್ಡು ಮಾತ್ರ ನಡುವೆ, ಅನ್ನದ ಹಾಗೆ.

"ಬಿಚ್ಚೋದು ಅಂದ್ರೆ ಬಡ್ಸೋದು ಕಣಿ ಮೇಷ್ಟ್ರೆ. ಕೊನೇಲಿ ಬಡ್ಸಿದ್ದು ಮೊದ್ಲು ಒಳೀಕೋಯ್ತದೆ. ಅಷ್ಟೇಯ," ಎನ್ನುತ್ತಿದ್ದ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಅವನ ಪಕ್ಕದ ಮನೆಯ ಬಾಡಿಗೆದಾರ. ವಿದ್ಯುತ್ತಿನ ಪಾಠವನ್ನು ಬೋರ್ಡಿನ ಮೇಲೆ ಗಂಟೆಗಟ್ಟಲೆ ಕೊರೆಯುತ್ತಿದ್ದೆ, ಮನೆಯಲ್ಲಿ ಫ್ಯೂಸ್ ಹೋದರೆ ನಿಂಗಣ್ಣನನ್ನು ಕೂಗುತ್ತಿದ್ದೆ. ಏಳನೇ ಕ್ಲಾಸು ಓದಿದ್ದ ಅವನಿಗೆ ಇದು ಬಹಳ ಖುಷಿಯ ಸಂಗತಿಯಾಗಿತ್ತು. ಒಮ್ಮೆ ನನ್ನ ಟೇಬಲ್ ಫ್ಯಾನು ಬಿಚ್ಚಿ, ಕೆಪಾಸಿಟರನ್ನು ಎಲೆಯ ಮೇಲಿಟ್ಟು, "ಇದು ನೀರಿನ್ ಟ್ಯಾಂಕಿದ್ದಂಗೆ. ಕರೆಂಟು ಓದ್ರೂವೆ ಒಸಿ ಇಟ್ಕಂಡಿರ್ತದೆ," ಎಂದ. ಇದನ್ನೇ ಹಿಂದಿನ ದಿನ ಮಕ್ಕಳಿಗೆ ಹೇಳಿದ್ದ ನಾನು ಮುಟ್ಟಿ ನೋಡಿದೆ. ಕೈ ತಾನಾಗಿ ಹಾರಿ ಅವನ ಕೆನ್ನೆಗೆ ಬಡಿಯಿತು.

"ಗೊತ್ತಾಯ್ತಾ? ಇನ್ ಮರೆಯಕ್ಕಿಲ್ಲ ನೀವು," ಎಂದ, ಕೆನ್ನೆ ಸವರಿಕೊಳ್ಳುತ್ತಾ.

ಆಗಸ್ಟ್ ಹದಿನೈದಕ್ಕೆ ಎರಡು ದಿನವಿದ್ದಾಗ ಶಾಲೆಯ ಆಂಪ್ಲಿಫೈಯರ್ ಬಾಯಿ ಮುಚ್ಚಿತು. ಅದರ ಜವಾಬ್ದಾರಿ ನನ್ನದು. ಹೆಡ್ ಮೇಷ್ಟ್ರು ಭಾಷಣಕ್ಕೆ ಹದಿನಾಲ್ಕು ಹಾಳೆ ಬರೆದಿಟ್ಟುಕೊಂಡಿದ್ದರು. ಹೊತ್ತುಕೊಂಡು ನಿಂಗಣ್ಣನ ಜಗುಲಿಗೆ ತಂದೆ. ಬಿಚ್ಚಿದ, ಬಡಿಸಿದ, ಬೋರ್ಡಿನಿಂದ ಕಿತ್ತುಬಂದಿದ್ದ ವೈರೊಂದನ್ನು ಬೆಸೆದ, ಪೆಟ್ಟಿಗೆಯ ಮೂಲೆಯ ತುಕ್ಕನ್ನೆಲ್ಲ ಉಜ್ಜಿದ. ಅಷ್ಟರಲ್ಲಿ ಹೆಂಡತಿ ಜಯಮ್ಮ ಒಳಗಿಂದ, "ಆಯ್ತಾ?" ಎಂದಳು.

"ಆಯ್ತು," ಎಂದ ನಿಂಗಣ್ಣ. ಎಲೆಯನ್ನು ನೀಟಾಗಿ ಮಡಚಿದ, ಎತ್ತಿಕೊಂಡು ಹೋಗಿ ತಿಪ್ಪೆಗೆ ಎಸೆದ, ಕೈ ತೊಳೆದು ಬಂದು ಕೂತ.

ಇಬ್ಬರೂ ಖಾಲಿ ಪೆಟ್ಟಿಗೆ ನೋಡಿದೆವು.

"ನಿಂಗಣ್ಣ, ಎಲೆ?"

"ಎತ್ತಿದ್ನಲ್ಲ," ಎಂದವನ ಮುಖ ಸುಣ್ಣವಾಯಿತು.

ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ಹಗ್ಗ ಕಟ್ಟಿ, ಮಧ್ಯಾಹ್ನವೆಲ್ಲ ತಿಪ್ಪೆಯ ಮೇಲೆ ಎಳೆದಾಡಿದೆವು. ದಾರಿಯಲ್ಲಿ ಹೋಗುತ್ತಿದ್ದ ನನ್ನ ಶಿಷ್ಯರು ಸಾಲಾಗಿ ನಿಂತು ನಮಸ್ಕಾರ ಮಾಡಿದರು. "ಮದ್ವೆ ಮನೇಲಿ ಉಣ್ಣೋರ್ ಎಲೆ ಕಿತ್ಕಂಡಿಲ್ವಲ್ಲ, ಅದೇ ಪುಣ್ಯ," ಎಂದಳು ಜಯಮ್ಮ. ಬೋರ್ಡು, ಸ್ಪ್ರಿಂಗು, ವೈರು ಎಲ್ಲ ಸಿಕ್ಕವು. ಬೋರ್ಡಿನ ಅರ್ಥ್ ವೈರನ್ನು ಪೆಟ್ಟಿಗೆಗೆ ಬಿಗಿಯುವ ಸ್ಕ್ರೂ ಒಂದು ಸಿಗಲಿಲ್ಲ. ಬೇರೆ ಯಾವುದೂ ಅದಕ್ಕೆ ಕೂರಲಿಲ್ಲ.

ಅದಿಲ್ಲದೆ ಜೋಡಿಸಿದ ಆ ಆಂಪ್ಲಿಫೈಯರ್ ಅವತ್ತಿನಿಂದ ಮಾತಿನ ಹಿಂದೆಯೇ ಗುಂಯ್ ಎನ್ನುತ್ತಿತ್ತು. ಹದಿನಾಲ್ಕು ಹಾಳೆಯೂ ಜೇನುಗೂಡಿನೊಳಗಿಂದ ಬಂದಂತೆ ಕೇಳಿಸಿತು. ಹೆಡ್ ಮೇಷ್ಟ್ರು ಎರಡು ವರ್ಷ ಪ್ರತಿ ಸಭೆಯಲ್ಲೂ ನನ್ನ ಕಡೆ ತಿರುಗಿ ನೋಡಿದರು. ನಿಂಗಣ್ಣ ಮಾತ್ರ ಸಿಕ್ಕಾಗಲೆಲ್ಲ, "ನಿಮ್ಗೆ ಉಪ್ಪು ಬಡ್ಸಿಲ್ಲ ಮೇಷ್ಟ್ರೆ, ಗೆಪ್ತಿ ಐತೆ," ಎನ್ನುತ್ತಿದ್ದ.

ಹೋದ ವರ್ಷ ಹೊಲಕ್ಕೆ ತಿಪ್ಪೆ ಗೊಬ್ಬರ ಹೊಡೆದ ವಾರವೇ ಅವನು ಎದೆನೋವಿನಿಂದ ತೀರಿಕೊಂಡ. ತಿಥಿ ಊಟಕ್ಕೆ ಕೂತಿದ್ದೆ. ಉಪ್ಪು ಬಡಿಸುವವನು ಯಾಕೋ ನನ್ನ ಎಲೆ ದಾಟಿ ಹೋದ. ಜಯಮ್ಮ ಒಳಗಿಂದ ಬಂದು, ಸೆರಗಿನ ಗಂಟು ಬಿಚ್ಚಿ, ಉಪ್ಪಿನ ಜಾಗದಲ್ಲಿ ತುಕ್ಕು ಹಿಡಿದ ಸ್ಕ್ರೂ ಒಂದನ್ನು ಇಟ್ಟಳು.

"ಗೊಬ್ರ ತುಂಬೋವಾಗ ಸಿಕ್ತಂತೆ. ತಾವೇ ಬಡುಸ್ಬೇಕು ಅಂತ ಮಡಿಕ್ಕಂಡಿದ್ರು."

ಸ್ಕ್ರೂವನ್ನು ಒರೆಸಿ ಜೇಬಿಗೆ ಹಾಕಿಕೊಂಡೆ. ಮಾರನೆಯ ದಿನ ಶಾಲೆಯಲ್ಲಿ ಬಾಗಿಲು ಹಾಕಿಕೊಂಡು, ಬಾಳೆಎಲೆ ಹಾಸಿ, ಮೊದಲ ಸಲ ಒಬ್ಬನೇ ಆಂಪ್ಲಿಫೈಯರ್ ಬಿಚ್ಚಿದೆ. ಸ್ಕ್ರೂ ಬಿಗಿದೆ. ಗುಂಯ್ ನಿಂತಿತು. ಖಾಲಿ ಎಲೆಯನ್ನು ಮಡಚುವ ಮೊದಲು ಮೂರು ಸಲ ನೋಡಿದೆ. ಆಮೇಲೆ ಮೈಕಿನ ಮುಂದೆ ನಿಂತು, "ನಿಂಗಣ್ಣ, ಊಟ ಆಯ್ತು," ಎಂದೆ. ಊರಿಗೆಲ್ಲ ಕೇಳಿಸಿತಂತೆ.