ತೆಬಾನೊ ಬೇಡವೆಂದದ್ದು

ಪೆಸಿಫಿಕ್ ಸಾಗರದ ಮರಾಕೆಯಿ ದ್ವೀಪದಲ್ಲಿ ಕಳ್ಳು ಇಳಿಸುವವನು ತೆಂಗಿನ ತುದಿಯಲ್ಲಿ ಕೂತು ಬಾಯಿಬಿಟ್ಟು ಹಾಡಲೇಬೇಕು. ಕೆಳಗೆ ಸ್ನಾನ ಮಾಡುವ ಹೆಂಗಸರಿಗೆ ಮೇಲೊಬ್ಬ ಗಂಡಸಿದ್ದಾನೆಂದು ತಿಳಿಯಲಿ ಎಂಬುದು ಅದರ ಮರ್ಯಾದೆ. ಹಾಡುಗಳಿಗೆ ಮಾತ್ರ ಆ ಮರ್ಯಾದೆಯಿಲ್ಲ. ಯಾರ ನಡಿಗೆ ಹೇಗೆ, ಯಾರು ಯಾರನ್ನು ಕದ್ದು ನೋಡಿದರು, ಎಲ್ಲವೂ ಅವುಗಳಲ್ಲಿ ಬರುತ್ತದೆ. ತೆಬಾನೊ ಒಬ್ಬ ಮಾತ್ರ ಬೆಳಿಗ್ಗೆ ಸಂಜೆ ತನ್ನ ಹೆಂಡತಿ ತಬೀತಾಳ ಮೇಲೆಯೇ ಹಾಡು ಕಟ್ಟುತ್ತಿದ್ದ. ಮದುವೆಯ ಹೊಸತರಲ್ಲಿ ಊರು ಸಹಿಸಿಕೊಂಡಿತು. ತಬೀತಾಳಿಗೆ ಲಕ್ವಾ ಹೊಡೆದು, ಬಲಗೈ ಬಲಗಾಲು ಬಿದ್ದುಹೋಗಿ, ಮಾತು ನಿಂತ ಮೇಲೂ ಅವನು ಅದೇ ಚಾಳಿ ಮುಂದುವರಿಸಿದಾಗ ಊರಿಗೆ ನಗು ತಡೆಯಲಾಗಲಿಲ್ಲ.

“ನಿಂಗೆ ಬೇರೆ ಹೆಸರೇ ಸಿಗ್ಲಿಲ್ವೇನೋ?” ಎಂದು ಪಕ್ಕದ ಮರದವರು ಕೂಗುತ್ತಿದ್ದರು.

“ಸಿಕ್ಕಿದ್ವಪ್ಪ, ರಾಗಕ್ಕೆ ಕೂರ್ಲಿಲ್ಲ!” ಎನ್ನುತ್ತಿದ್ದ.

ಗಂಡಹೆಂಡತಿಗೆ ಮಕ್ಕಳಿರಲಿಲ್ಲ. ತಬೀತಾಳ ಅಣ್ಣ ಬಿರಿಬೋ ಎಲ್ಲವನ್ನೂ ಯೋಚಿಸಿ ಒಂದು ದಾರಿ ಕಂಡುಕೊಂಡ. ಅವನ ಕಿರಿಯ ತಂಗಿ ಕತರೀನಾ ಅವನ ಮನೆಯಲ್ಲೇ ಇದ್ದಳು. ಅವಳ ಗಂಡ ಹಡಗಿನ ಕೆಲಸಕ್ಕೆಂದು ಹೋದವನು ತರಾವ ದ್ವೀಪದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿ, ಅಲ್ಲೇ ಸತ್ತ. ಅಂದಿನಿಂದ ಕತರೀನಾ ಅತ್ತಿಗೆಯ ಒಲೆಯ ಮುಂದೆ ಅತ್ತಿಗೆಯ ಮುಖ ನೋಡಿಕೊಂಡು ಉಣ್ಣುತ್ತಿದ್ದಳು. ತನ್ನದೇ ಒಂದು ಒಲೆ ಬೇಕು ಎಂಬುದನ್ನು ಬಿಟ್ಟರೆ ಅವಳಿಗೆ ಬೇರೆ ಆಸೆ ಉಳಿದಿರಲಿಲ್ಲ.

ಹಿಂದಿನ ಕಾಲದಲ್ಲಿ ಇಲ್ಲಿ ಹೆಂಡತಿಯ ತಂಗಿಯೆಂದರೆ ಅರ್ಧ ಹೆಂಡತಿಯೇ. ಪಾದ್ರಿಗಳು ಬಂದು ಅದನ್ನು ನಿಲ್ಲಿಸಿ ತಲೆಮಾರುಗಳಾದವು. ಪದ್ಧತಿ ನಿಂತಿತು, ಜನರ ಮನಸ್ಸಿನಿಂದ ಪೂರ್ತಿ ಹೋಗಲಿಲ್ಲ.

“ಹೋಗಿ ಅಕ್ಕನ್ನ ನೋಡ್ಕೊಳ್ಳೇ. ತೆಬಾನೊನೂ ಗಂಡಸೇ ಅಲ್ವಾ, ಹೇಗೋ ಹೊಂದ್ಕೋತೀರಿ,” ಎಂದ ಬಿರಿಬೋ.

“ಊರೋರು ಏನಂತಾರಣ್ಣ?”

“ಊರೋರು ಆಗ್ಲೇ ಅಂದಾಯ್ತು. ನೀನು ಚಾಪೆ ಸುತ್ಕೊ.”

ಗಂಡಸಿನ ಮಾತು ಬೆಳಗಿನ ಕಳ್ಳಿನ ಹಾಗೆ, ಸಂಜೆಗೆ ಹುಳಿ ಎಂದು ಹೆಂಗಸರ ನಡುವೆ ಕತರೀನಾ ನಗೆಯಾಡುತ್ತಿದ್ದವಳು. ಭಾವನೂ ಅಂಥವನೇ ಎಂದು ನಂಬಿಯೇ ಚಾಪೆ ಸುತ್ತಿಕೊಂಡು ಬಂದಳು. ತೆಬಾನೊ ಅವಳಿಗೆ ಮನೆಯ ಮಲಗುವ ಅಟ್ಟಣೆಯ ಇನ್ನೊಂದು ತುದಿ ತೋರಿಸಿ, ನಡುವೆ ಕೇದಗೆ ಗರಿಯ ಚಾಪೆಯೊಂದನ್ನು ಗೋಡೆಯಂತೆ ಕಟ್ಟಿದ. ಅವಳು ಕೆಸುವಿನ ಗಡ್ಡೆ ಬೇಯಿಸಿದಳು, ಮೀನು ಒಣಗಿಸಿದಳು. ಹೆಂಡತಿಯ ಮೈ ತೊಳೆಯುವುದು, ತಲೆ ಬಾಚುವುದು ಮಾತ್ರ ಅವನದೇ.

“ನಾನು ಮಾಡ್ತೀನಿ ಬಿಡಿ ಭಾವ.”

“ಬೇಡಮ್ಮ. ಬೇರೆ ಕೈ ಬಿದ್ರೆ ಅವಳು ಬೆಚ್ಚಿಬೀಳ್ತಾಳೆ.”

ತಿಂಗಳುಗಳು ಕಳೆದವು. ಆ ಚಾಪೆಯ ಗೋಡೆ ಒಮ್ಮೆಯೂ ಅಲುಗಲಿಲ್ಲ. ಕತರೀನಾಳಿಗೆ ಮೊದಲು ನೆಮ್ಮದಿಯಾಯಿತು, ಆಮೇಲೆ ತುಸು ಅವಮಾನವಾಯಿತು, ಕಡೆಗೆ, ಸುಳ್ಳೇಕೆ, ಆಸೆಯಾಯಿತು. ತೆಬಾನೊನ ಮೇಲೆ ಅಷ್ಟಲ್ಲ, ಅವನು ತಬೀತಾಳನ್ನು ನೋಡುವ ರೀತಿಯ ಮೇಲೆ.

ಒಂದು ಭಾನುವಾರ ಪೂಜೆ ಮುಗಿಸಿ ಬಿರಿಬೋ ನೇರ ಅಲ್ಲಿಗೇ ಬಂದು ಕೂತ. ಕತರೀನಾಳನ್ನೂ ಹೆಂಡತಿಯ ಹಾಗೆ ಇಟ್ಟುಕೋ ಎಂದು ತೆಬಾನೊಗೆ ಸುತ್ತಿ ಬಳಸದೆ ಹೇಳಿದ. ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಮಲಗಿದ್ದ ತಬೀತಾ ಎಡಗೈ ಚಾಚಿ ತಂಗಿಯ ಕೈ ಹಿಡಿದೆಳೆದಳು. ಅದನ್ನು ತೆಬಾನೊನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

“ನೋಡು, ಅವಳೇ ಕೊಟ್ಲು. ಇನ್ನೇನಯ್ಯಾ ನಿಂದು?” ಎಂದ ಬಿರಿಬೋ.

ಕತರೀನಾಳ ಒಲೆ, ಅವಳ ಸೂರು ಎಲ್ಲ ಆ ಮುಷ್ಟಿಯೊಳಗಿತ್ತು. ತೆಬಾನೊ ಹೆಂಡತಿಯ ಕಡೆ ಬಾಗಿದ.

“ನೀನು ಬಡಿಸಿದ್ದನ್ನ ಯಾವತ್ತಾದ್ರೂ ಬೇಡ ಅಂದಿದ್ದೀನಾ? ಸೀದಿದ್ದನ್ನೂ ತಿಂದಿದ್ದೀನಿ. ಇದೊಂದು ಬೇಡ ಕಣೇ.”

ಕತರೀನಾಳ ಕೈಯನ್ನು ಮೆಲ್ಲಗೆ ಅವಳ ಮಡಿಲಿಗೇ ಮರಳಿಸಿ ಹೇಳಿದ: “ಬೇಜಾರು ಮಾಡ್ಕೋಬೇಡಮ್ಮ. ದೇವರ ಮುಂದೆ ನಿಂತು ಇವಳಿಗೆ ಮಾತು ಕೊಟ್ಟಿದ್ದೀನಿ. ಹುಷಾರಾಗಿರೋ ತನಕ ಮಾತ್ರ ಅಂತ ಅವತ್ತು ಹೇಳಿರ್ಲಿಲ್ಲ.”

ತಬೀತಾ ಅರ್ಧ ಬಾಯಲ್ಲೇ ಜೋರಾಗಿ ಅತ್ತಳು. ಅದು ದುಃಖದ ಅಳುವಲ್ಲವೆಂದು ಮೂವರಿಗೂ ಗೊತ್ತಾಯಿತು.

“ಹಾಗಾದ್ರೆ ಇವಳು ಇಲ್ಲಿರೋದು ಚೆನ್ನಾಗಿರಲ್ಲ,” ಎಂದು ಬಿರಿಬೋ ತಂಗಿಯನ್ನು ವಾಪಸು ಕರೆದೊಯ್ದ. ದಾರಿಯುದ್ದಕ್ಕೂ ಕತರೀನಾ ನಾಚಿಕೆಯಿಂದ ತಲೆ ಎತ್ತಲಿಲ್ಲ.

ಸುದ್ದಿ ಹಬ್ಬಿತು. ಮುಂದಿನ ವಾರ ಚರ್ಚಿನಲ್ಲಿ ಗಂಡಹೆಂಡಿರಿಗೆ ನಾಲ್ಕು ಮಾತು ಹೇಳೆಂದು ಉಪದೇಶಿ ತೆಬಾನೊನನ್ನು ಕರೆದ. “ನಂಗೇನು ಬರುತ್ತೆ ಉಪದೇಶಿಗಳೇ? ಅವಳಿಗೆ ಗಂಜಿ ಕುಡಿಸೋ ಹೊತ್ತಾಯ್ತು,” ಎಂದು ಅವನು ಎದ್ದು ಹೋದ.

ಕ್ರಿಸ್ಮಸ್ ಹತ್ತಿರ ಬಂದಾಗ ಬಿರಿಬೋ ತಂಗಿಗೆ ಇನ್ನೊಂದು ವ್ಯವಸ್ಥೆ ಕುದುರಿಸಿದ. ಅಂಗಡಿಯ ತೊಆಕೈ ಅವಳಿಗೆ ಬೇರೆಯೇ ಗುಡಿಸಲು ಹಾಕಿಕೊಡಲು ಒಪ್ಪಿದ್ದ. ಗುಡಿಸಲಿಗೆ ಹೊಸ ತಗಡು, ಅದರಲ್ಲಿ ಅವಳದೇ ಒಲೆ.

“ಅವನ ಹೆಂಡ್ತಿ?” ಎಂದು ಕತರೀನಾ ಕೇಳಿದಳು.

“ಅವಳು ಅಬೈಯಾಂಗ್‌ನಲ್ಲಿ ಇದ್ದಾಳೆ. ದೂರ.”

“ನನ್ನ ಗಂಡ ತರಾವದಲ್ಲಿದ್ದಾಗ ನಾನೂ ದೂರಾನೇ ಇದ್ದೆ ಅಣ್ಣಾ.”

ಬಿರಿಬೋಗೆ ಸಿಟ್ಟು ಬಂತು. “ವರ್ಷಗಟ್ಲೆ ಒಲೆ ಒಲೆ ಅಂತಿದ್ದೆ. ಕೊಡೋನು ಬಂದ್ರೆ ಬೇಡ ಅಂತೀಯ. ಏನಾಗಿದೆಯೇ ನಿಂಗೆ?”

“ಗಂಡಸ್ರೆಲ್ಲ ಹೀಗೇ ಅನ್ಕೊಂಡಿದ್ದೆ. ಈಗ್ಲೂ ಹಾಗೇ ಅನ್ಕೊಂಡಿದ್ರೆ ಇವತ್ತೇ ಹೋಗಿಬಿಡ್ತಿದ್ದೆ,” ಎಂದಳು ಕತರೀನಾ. “ನೀನೇ ಭಾವನ ಮನೆಗೆ ಕಳಿಸಿದೆ, ಹೋಗಿ ನೋಡಿಬಿಟ್ಟೆ. ಈಗೇನ್ ಮಾಡ್ಲಿ ಹೇಳು?”