ಮೆತ್ತನೆ ಮೇಸ್ತ್ರಿಯ ಗಟ್ಟಿ ಹಾಸಿಗೆ

ನಮ್ಮಪ್ಪನಿಗೆ ಬೀದಿಯವರು ಇಟ್ಟ ಹೆಸರು ಮೆತ್ತನೆ ಮೇಸ್ತ್ರಿ. ಹಾಸಿಗೆ ಹೊಲಿಯುವುದು ಅವರ ಕಸುಬು. ಅರಳೆ ಹಿಂಜಿ, ಬಟ್ಟೆಯ ಚೀಲಕ್ಕೆ ತುಂಬಿ, ದಬ್ಬಣದಲ್ಲಿ ಹೊಲಿದು ಮುಗಿಸಿದ ಮೇಲೆ ತಾವೇ ಒಮ್ಮೆ ಅದರ ಮೇಲೆ ಮಲಗಿ ನೋಡುತ್ತಿದ್ದರು. ಹೆಸರಿಗೆ ಪರೀಕ್ಷೆ, ಮಾಡುತ್ತಿದ್ದುದು ನಿದ್ದೆ. ಗಿರಾಕಿ ಬಂದು ಕೂಗಿದರೂ, ಪಕ್ಕದಲ್ಲೇ ಪಾತ್ರೆ ಬಿದ್ದರೂ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಕೊನೆಗೆ ಅಮ್ಮ ಹಿಡಿದು ಅಲ್ಲಾಡಿಸಿದರೆ ಎದ್ದು ಕೂತು, "ಹೂಂ, ಪರವಾಗಿಲ್ಲ" ಎಂದು ಹಾಸಿಗೆಗೆ ಸರ್ಟಿಫಿಕೇಟು ಕೊಡುತ್ತಿದ್ದರು.

ಎದುರಂಗಡಿಯವನು ಮಾರುತ್ತಿದ್ದುದು ತೆಂಗಿನ ನಾರಿನ ಹಾಸಿಗೆ. ಅವನಿಗೂ ಅಪ್ಪನಿಗೂ ಎಣ್ಣೆ ಸೀಗೆಕಾಯಿ. "ಅದು ಹಾಸಿಗೆ ಅಲ್ಲ, ಹಲಗೆ. ಜೈಲಿಗೆ ಹೋಗಿ ಮಾರ್ಲಿ" ಎಂದು ಅವನಿಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳುತ್ತಿದ್ದರು.

ನಾನು ಹಸುಗೂಸನ್ನು ಎತ್ತಿಕೊಂಡು ಅಪ್ಪನ ಮನೆಗೆ ಬಂದಾಗ ಬೂರುಗದ ಅರಳೆಯ ಹಾಸಿಗೆ ಸಿದ್ಧವಾಗಿತ್ತು. ಬೂರುಗವೆಂದರೆ ಮುಟ್ಟಿದರೆ ಮುಟ್ಟಿದ್ದೇ ಗೊತ್ತಾಗದಷ್ಟು ನಯ. ನನಗೂ ಮಗಳಿಗೂ ಸೇರಿ ಒಂದೇ ಹಾಸಿಗೆ, ಅವಳಿಗೆಂದು ಪುಟ್ಟ ದಿಂಬು, ಎರಡೂ ಪಕ್ಕಕ್ಕೆ ಉರುಟು ದಿಂಬು, ಮೇಲೊಂದು ರಜಾಯಿ. ಮಲಗಿಸಿದ ಮೇಲೆ ಮಗು ಎಲ್ಲಿದೆ ಎಂದು ಹುಡುಕಬೇಕಿತ್ತು. ಅಪ್ಪನಿಗೆ ಮಾತ್ರ ಮೊಮ್ಮಗಳಿಗಿಂತ ಹಾಸಿಗೆಯನ್ನು ತೋರಿಸುವ ಸಂಭ್ರಮ.

ಮನೆಮನೆಗೆ ಬಂದು ಬಾಣಂತಿಯರನ್ನು ನೋಡುವ ನರ್ಸಮ್ಮ ಒಂದು ಬೆಳಿಗ್ಗೆ ಬಂದರು. ಮಗುವಿನ ತೂಕ ನೋಡಿ, ಹಾಸಿಗೆಗೆ ಮುಷ್ಟಿ ಒತ್ತಿದರು. ಮಣಿಕಟ್ಟಿನವರೆಗೆ ಕೈ ಮುಳುಗಿತು.

"ಮೇಸ್ತ್ರಿಗಳೇ, ಹಾಸಿಗೆ ಬಹಳ ಚೆನ್ನಾಗಿದೆ. ನೀವೇ ಮಲಕ್ಕೊಳ್ಳಿ," ಎಂದರು. "ಕೂಸಿಗೆ ಬೇಡ. ಮೂಗು ಹೂತ್ಹೋದ್ರೆ ತಲೆ ತಿರುಗಿಸೋ ಶಕ್ತಿ ಅದಕ್ಕೆಲ್ಲಿದೆ? ಉಸಿರು ಕಟ್ಟುತ್ತೆ. ಅಮ್ಮನ ಪಕ್ಕದಲ್ಲೇ ಮಗೂಗೆ ಅಂತ ಬೇರೆ ಗಟ್ಟಿ ಹಾಸಿಗೆ ಇದ್ರೆ ಎಲ್ಲಕ್ಕಿಂತ ಒಳ್ಳೇದು."

"ಮಲಗಿಕೊಂಡೇ ಹಾಲು ಕೊಡ್ತೀನಿ ನರ್ಸಮ್ಮ. ಹಾಗೇ ನಿದ್ದೆ ಹತ್ತಿಬಿಡುತ್ತೆ," ಎಂದೆ.

"ಹಾಗಾದ್ರೆ ನಿಮ್ಮದೂ ಗಟ್ಟಿಯಾಗೇ ಇರ್ಲಿ. ನೆಲದ ಮೇಲೆ ಹಾಕಿ, ಗೋಡೆಯಿಂದ ದೂರ. ಮಗು ಅಂಗಾತ ಮಲಗ್ಲಿ. ದಿಂಬು, ರಜಾಯಿ ಅದರ ಹತ್ತಿರ ಸುಳೀಬಾರದು."

"ಅಷ್ಟೆಲ್ಲ ಯಾಕೆ? ನಾನೇ ಪಕ್ಕದಲ್ಲಿ ಮಲಗಿ ನೋಡ್ಕೋತೀನಿ," ಎಂದರು ಅಪ್ಪ.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಇವರಾ? ಮನೇನೇ ಹೊತ್ಕೊಂಡು ಹೋದ್ರೂ ಇವರಿಗೆ ಎಚ್ಚರ ಆಗಲ್ಲ."

"ಅಷ್ಟು ನಿದ್ದೆಯವರು ಮಗು ಪಕ್ಕ ಮಲಗೋ ಹಾಗೇ ಇಲ್ಲ," ಎಂದು ನರ್ಸಮ್ಮ ಚೀಲ ಎತ್ತಿಕೊಂಡರು. ಅಪ್ಪನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

ಗಟ್ಟಿ ಹಾಸಿಗೆ ಬೇಕು, ಸರಿ. ಆದರೆ ಮನೆಯಲ್ಲಿದ್ದವೆಲ್ಲ ಅಪ್ಪನ ಕೈಯವೇ. ದಿಂಬುಗಳನ್ನು ತೆಗೆದಿಟ್ಟು ಮಧ್ಯಾಹ್ನ ಆ ಬೂರುಗದ ಹಾಸಿಗೆಯಲ್ಲೇ ಹಾಲು ಕೊಡುತ್ತ ಮಲಗಿದೆ. ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ. ನರ್ಸಮ್ಮ ಹೇಳಿದ್ದು ಸುಳ್ಳೆಂದು ಕಣ್ಣಾರೆ ನೋಡಿಕೊಳ್ಳಲು ಅಪ್ಪ ಕೋಣೆಗೆ ಬಂದರಂತೆ. ನನ್ನ ಭಾರಕ್ಕೆ ಹಾಸಿಗೆ ಗುಂಡಿಯಾಗಿತ್ತು. ಮಗು ಆ ಗುಂಡಿಗೆ ಜಾರಿ, ಅದರ ಮುಖ ಹಾಸಿಗೆಯೊಳಗೆ ಹುದುಗಿತ್ತು.

ಅದರ ಕಿರುಚಾಟಕ್ಕೆ ನನಗೆ ಎಚ್ಚರವಾಯಿತು. ಅಪ್ಪ ಅದನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. "ಅಳ್ತಾ ಇದೆ ಅಲ್ವಾ? ಅಳ್ಲಿ, ಅಳ್ಲಿ," ಎನ್ನುತ್ತಿದ್ದರು. ಏನಾಗಿತ್ತೆಂದು ತಿಳಿದಾಗ ನನ್ನ ಜೀವ ಬಾಯಿಗೆ ಬಂತು.

ಮಗುವನ್ನು ನನ್ನ ಕೈಗೆ ಕೊಟ್ಟು ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿದರು. ಬರುವಾಗ ತಲೆಯ ಮೇಲೆ ನಾರಿನ ಹಾಸಿಗೆ. ಅದರ ಹಿಂದಿನ ತುದಿ ಹಿಡಿದಿದ್ದವನು ಎದುರಂಗಡಿಯವನೇ. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತ್ತು.

"ಏನ್ ಮೇಸ್ತ್ರಿ, ಮನೇಲೇ ಜೈಲು ತೆಗೆದ್ರಾ?" ಎಂದು ಅವನು ಸೇಡು ತೀರಿಸಿಕೊಂಡ.

ಅಪ್ಪ ಹಾಸಿಗೆಯನ್ನು ಒಳಗೆ ಎಳೆದುಕೊಂಡರು. ಕೋಣೆಯ ನಡುವೆ ಹಾಕಿ, ತಾವೇ ಮುಷ್ಟಿಯಿಂದ ಗುದ್ದಿದರು. ಗೆಣ್ಣು ಕೆಂಪಾಯಿತು. ಹಾಸಿಗೆ ತಗ್ಗಲಿಲ್ಲವೆಂದು ಖಾತ್ರಿಯಾದ ಮೇಲೆಯೇ ನಮ್ಮಿಬ್ಬರನ್ನೂ ಮಲಗಲು ಬಿಟ್ಟರು.

ನಾನು ಕಣ್ಣು ಬಿಟ್ಟಾಗ ಸಂಜೆಯಾಗುತ್ತಿತ್ತು. ಮಗು ಅಂಗಾತ ಮಲಗಿ ಮುಷ್ಟಿ ಬಿಗಿದು ನಿದ್ದೆ ಹೋಗಿತ್ತು. ಅಪ್ಪ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು.

"ಮಗು ಚೆನ್ನಾಗಿದೆ, ಹೋಗಿ ಮಲಗಪ್ಪ," ಎಂದೆ.

"ನೀನು ಹುಟ್ಟಿದಾಗ್ಲೂ ಬೂರುಗದ್ದೇ ಹೊಲಿದಿದ್ದೆ ಕಣಮ್ಮ. ಇದಕ್ಕಿಂತ ಮೆತ್ತಗಿತ್ತು. ನಾನೂ ನಿನ್ನ ಪಕ್ಕದಲ್ಲೇ ಮಲಗ್ತಿದ್ದೆ."

"ನನಗೇನಾಗಿದೆ? ಗುಂಡುಕಲ್ಲಿನ ಹಾಗೆ ಇದ್ದೀನಲ್ಲಪ್ಪ," ಎಂದು ನಕ್ಕೆ.

"ಇದ್ದೀಯ," ಎಂದರು. ಅಷ್ಟು ಹೊತ್ತೂ ಅವರು ನೋಡುತ್ತ ಕೂತಿದ್ದುದು ನನ್ನನ್ನು.