ಗಬ್ಬೂರ ರಸ್ತೆಯಲ್ಲಿ ಕೇಳಬೇಕಿದ್ದ ದನಿ

'ಇದರಿಂದ ಏನು ಉಪಯೋಗ?' ಎಂದು ಮಾತುಮಾತಿಗೆ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರು ಮಕಬೂಲಸಾಬರ ಕಥೆ ಓದದಿರುವುದೇ ಒಳ್ಳೆಯದು. ಅವರಿಗೂ ಸುಖವಿಲ್ಲ, ನನಗೂ ಇಲ್ಲ.

ಹುಬ್ಬಳ್ಳಿಯ ಗಣೇಶಪೇಟೆಯಲ್ಲಿ ಮಕಬೂಲಸಾಬರದು ಗ್ಯಾಸ್‌ಬತ್ತಿ ಬಾಡಿಗೆಗೆ ಕೊಡುವ ಅಂಗಡಿ. ಪಂಪು ಹೊಡೆದು ಉರಿಸುವ ಅವರ ಸೀಮೆಎಣ್ಣೆ ದೀಪಗಳಿಲ್ಲದೆ ಊರಿನಲ್ಲಿ ಮದುವೆಯಿಲ್ಲ, ಉರುಸಿಲ್ಲ. ಜೊತೆಗೆ ಮೋಟಾರು ರಿಪೇರಿಯನ್ನೂ ಮಾಡುತ್ತಿದ್ದರು. ಯಾರೂ ಕಲಿಸಿದ್ದಲ್ಲ, ಬಿಚ್ಚಿ ನೋಡಿ ಕಲಿತದ್ದು. ಬಿಚ್ಚಿದ್ದನ್ನು ತಿರುಗಿ ಜೋಡಿಸುವುದನ್ನು ಬಹಳ ತಡವಾಗಿ ಕಲಿತರು ಎಂದು ಅವರ ಹೆಂಡತಿ ರೆಹಮತ್‌ಬಿ ಹೇಳುತ್ತಿದ್ದರು. ಅವರ ಮನೆಯ ಗಡಿಯಾರವನ್ನು ನೋಡಿದವರು ಆ ಮಾತನ್ನು ನಂಬುತ್ತಿದ್ದರು.

ಅರಳೆ ವ್ಯಾಪಾರಿ ಮಡಿವಾಳಪ್ಪನವರು ಒಂದು ದೊಡ್ಡ ಮೋಟಾರು ಕೊಂಡರು. ಯಾವುದೋ ಸಂಸ್ಥಾನದ ರಾಜರದಂತೆ. ನೂರಾ ನಲವತ್ತು ಕುದುರೆಗಳ ಬಲ. ಪೆಡಲನ್ನು ಅರ್ಧ ತುಳಿದರೆ ಅದು ಸಾಧಾರಣ ಗಾಡಿ. ತಳ ಮುಟ್ಟುವಂತೆ ತುಳಿದರೆ ಎಂಜಿನ್ನಿನ ಮುಂದಿದ್ದ ಸೂಪರ್‌ಚಾರ್ಜರ್ ತಿರುಗತೊಡಗಿ, ಕಮ್ಮಾರನ ತಿದಿಯ ಹಾಗೆ, ಪೆಟ್ರೋಲು ಗಾಳಿ ಬೆರೆಯುವ ಕಾರ್ಬೊರೇಟರಿನೊಳಗೆ ಗಾಳಿ ಊದುತ್ತದೆ. ಆಗ ಗಾಡಿ ಎಂಥದೋ ಒಂದು ದನಿ ತೆಗೆದು ಹಾರುತ್ತದೆ, ಒಮ್ಮೆ ಕೇಳಿದವರು ಮರೆಯುವುದಿಲ್ಲ ಎಂದು ರಾಜರ ಹಳೆಯ ಡ್ರೈವರ್ ಹೇಳಿ ಕಳಿಸಿದ್ದ.

ಗಾಡಿ ತಂದ ದಿನವೇ ಉಣಕಲ್ಲಿನ ಏರಿನಲ್ಲಿ, ನಾಲ್ಕು ಜನ ವ್ಯಾಪಾರಿಗಳು ನೋಡಲೆಂದು, ಪೂರಾ ತುಳಿ ಎಂದು ಮಡಿವಾಳಪ್ಪನವರು ತಮ್ಮ ಡ್ರೈವರ್ ಲಾಲಸಾಬನಿಗೆ ಹೇಳಿದರು. ಗಾಡಿ ಒಮ್ಮೆ ಕೆಮ್ಮಿ ಸತ್ತಿತು. ಏನು ಮಾಡಿದರೂ ಆ ಹೊತ್ತಿಗೆ ಮತ್ತೆ ಏಳಲಿಲ್ಲ. ಕೊನೆಗೆ ಅರಳೆ ಬಂಡಿಯ ಎತ್ತು ಬಿಚ್ಚಿ ಗಾಡಿಗೆ ಹೂಡಿ ದುರ್ಗದ ಬೈಲಿಗೆ ಎಳೆದು ತಂದರು. ಪೇಟೆಗೆ ಪೇಟೆಯೇ ನಕ್ಕಿತು.

"ಎತ್ತ ಹೂಡೂದಿತ್ತಂದ್ರ ಇಷ್ಟು ದೊಡ್ಡ ಮೋಟರ್ ಯಾಕ ತಂದ್ರಿ ಸಾವಕಾರ್ರ?" ಎಂದು ಯಾರೋ ಕೂಗಿದರು. ಮಡಿವಾಳಪ್ಪನವರು ನಷ್ಟವನ್ನು ಮರೆಯುತ್ತಿದ್ದರು, ನಗೆಯನ್ನಲ್ಲ. ಅಂದಿನಿಂದ, ಅರ್ಧಕ್ಕಿಂತ ಹೆಚ್ಚು ತುಳಿಯದೆ, ಆ ಗಾಡಿ ಬರೀ ಮದುವೆಯ ಮೆರವಣಿಗೆಗೆ ಆಯಿತು. ಮದುಮಗನನ್ನು ಕೂರಿಸಿಕೊಂಡು ಅದು ನಡೆಯುವ ವೇಗದಲ್ಲಿ ಹೋಗುವುದು, ಪಕ್ಕದಲ್ಲಿ ದೀಪದವರ ಜೊತೆ ಮಕಬೂಲಸಾಬರು ನಡೆಯುವುದು. ಎಲ್ಲರೂ ಮದುಮಗನನ್ನು ನೋಡಿದರೆ ಇವರು ಗಾಡಿಯ ಮೂತಿಯನ್ನು ನೋಡುತ್ತಿದ್ದರು. ತುಳಿದರೆ ಏಕೆ ಸಾಯುತ್ತದೆ? ಆ ದನಿ ಹೇಗಿರಬಹುದು?

ಸಾವಕಾರರನ್ನು ಕಾಡಿ ಬೇಡಿ ಬಾನೆಟ್ಟು ಎತ್ತಿಸಿದರು. ಪೆಟ್ರೋಲು ಹರಿಸುವ ಮೊದಲಿನ ಏರ್ಪಾಡು ಎಂದೋ ಕೆಟ್ಟುಹೋಗಿ, ಎಂಜಿನ್ನಿಗಿಂತ ಎತ್ತರದಲ್ಲಿ, ಮುಂದಿನ ಸೀಟಿನಿಂದ ಕೈಗೆಟುಕುವಲ್ಲಿ, ಯಾರೋ ಒಂದು ತಗಡಿನ ಟಾಕಿ ಕೂರಿಸಿದ್ದರು. ಅದರಿಂದ ಪೆಟ್ರೋಲು ತನ್ನ ಭಾರಕ್ಕೆ ತಾನೇ ಕಾರ್ಬೊರೇಟರಿಗೆ ಇಳಿಯಬೇಕು. ಮಕಬೂಲಸಾಬರು ದವಾಖಾನೆಯಿಂದ ಒಂದು ಗಾಜಿನ ನಳಿಕೆ ತಂದು ಪೈಪಿನ ನಡುವೆ ಕೂರಿಸಿ, ಲಾಲಸಾಬನಿಗೆ ಒಂದು ಕ್ಷಣ ಪೂರಾ ತುಳಿಯಲು ಹೇಳಿದರು. ಇಳಿಯುತ್ತಿದ್ದ ಪೆಟ್ರೋಲು ಗುಳ್ಳೆ ಗುಳ್ಳೆಯಾಗಿ ಹಿಂದಕ್ಕೆ ಏರಿತು. ತಿದಿ ಊದಿದ ಗಾಳಿ ಕಾರ್ಬೊರೇಟರಿನಿಂದ ಪೆಟ್ರೋಲನ್ನೇ ಹಿಂದೆ ನೂಕುತ್ತಿತ್ತು! ಆ ದಿನ ಅವರು ಎಷ್ಟು ಖುಷಿಪಟ್ಟರೆಂದರೆ, ಮನೆಗೆ ಮಾಂಸ ತರಲು ಹೊರಟವರು ಬರಿಗೈಯಲ್ಲಿ ಬಂದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧದ ಕಾರಣ ಪೆಟ್ರೋಲಿಗೆ ಕೂಪನ್ ಬಂದವು. ಸಿಗುವ ಪೆಟ್ರೋಲು ಅರಳೆಯ ಲಾರಿಗೆ, ಟಾಕಿಯಲ್ಲಿದ್ದದ್ದು ಮುಗಿದರೆ ದೊಡ್ಡ ಗಾಡಿಯನ್ನು ಕಲ್ಲಿನ ಮೇಲೆ ಕೂರಿಸುವುದು ಎಂದು ಸಾವಕಾರರು ತೀರ್ಮಾನಿಸಿದರು. ಮಕಬೂಲಸಾಬರಿಗೆ ಹತ್ತಿದ್ದು ಒಂದೇ ಚಿಂತೆ. ಕಲ್ಲಿನ ಮೇಲೆ ಕೂತ ಗಾಡಿಯಿಂದ ದನಿ ಬರುವುದುಂಟೆ?

ಆತುರದಲ್ಲಿ ಅವರು ದೀಪದವನು ಮಾಡುವ ತಪ್ಪನ್ನೇ ಮಾಡಿದರು. ಗ್ಯಾಸ್‌ಬತ್ತಿಯ ಪಂಪನ್ನು ಟಾಕಿಗೆ ಬೆಸೆದು, ಬತ್ತಿಗೆ ಹೊಡೆದ ಹಾಗೆ ಗಟ್ಟಿಯಾಗಿ ಗಾಳಿ ಹೊಡೆದರು. ತಿದಿ ಇನ್ನೂ ಊದತೊಡಗಿರಲಿಲ್ಲ, ಎದುರು ನೂಕುವವರು ಯಾರೂ ಇಲ್ಲ. ಪೆಟ್ರೋಲು ಕಾರ್ಬೊರೇಟರು ತುಂಬಿ ಬಿಸಿ ಎಂಜಿನ್ನಿನ ಮೇಲೆ ಚೆಲ್ಲಿತು. ಭಗ್ಗೆಂದಿತು. ಲಾಲಸಾಬ ಉಸುಕು ಸುರಿದು ಆರಿಸಿದ. ಗಾಡಿ ಉಳಿಯಿತು, ಮಕಬೂಲಸಾಬರ ಅರ್ಧ ಗಡ್ಡ ಹೋಯಿತು.

"ಇನ್ನ ಗಾಡಿ ಮುಟ್ಟಿದರ ನೋಡು!" ಎಂದು ಸಾವಕಾರರು ಗದರಿಸಿದರು.

ಮನೆಯಲ್ಲಿ ರೆಹಮತ್‌ಬಿ ಸುಟ್ಟ ಗಲ್ಲಕ್ಕೆ ಬೆಣ್ಣೆ ಹಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡರು. ದೀಪಕ್ಕೆ ಪಂಪು ಹೊಡೆದು ಅವರ ಕೈಯೂ ಪಳಗಿತ್ತು.

"ಊದೂದೂ ಆ ಗಾಡೀನ, ತಡಿಯೂದೂ ಆ ಗಾಡೀನ. ನಡುವ ನಿಮ್ಮ ಕೈ ಯಾಕ ಬೇಕ್ರಿ?" ಎಂದರು ಸಿಟ್ಟಿನಿಂದ. "ಅದರ ಜಗಳ ಅದರ ಕೂಡನ ಹಚ್ಚಿ ಬಿಟ್ಟು ಸುಮ್ಮನ ಮನಿಗೆ ಬರ್ರಿ."

ಬೈಗುಳವೆಂದೇ ಆಡಿದ ಮಾತು, ಆದರೆ ಗಂಡನಿಗೆ ಅದರಲ್ಲೇ ದಾರಿ ಹೊಳೆಯಿತು. ಮಕಬೂಲಸಾಬರು ಬೆಣ್ಣೆಯ ಮುಖದಲ್ಲೇ ಸಾವಕಾರರ ಅರಳೆ ಅಡತಿ ಅಂಗಡಿಗೆ ಓಡಿದರು.

"ಸಾವಕಾರ್ರ, ಬಾಗಲಾ ಆ ಕಡಿಂದ ಒಬ್ಬಾಂವ ನೂಕಾಕತ್ತಾನ. ಈ ಕಡಿಂದ ಅಷ್ಟ ಜೋರಲೆ ನೂಕಿದ್ರ?"

"ಬಾಗಲಾ ಅಲ್ಲೇ ನಿಲ್ಲತೈತಿ. ಅದಕ್ಕೇನೀಗ?"

"ತಿದಿ ಗಾಳೀನ ಒಂದು ಪೈಪಿನ್ಯಾಗ ಟಾಕಿ ನೆತ್ತಿಗೆ ತರತೇನ್ರಿ. ಅದು ಎಷ್ಟು ಊದತೈತೋ ಮ್ಯಾಲೂ ಅಷ್ಟ, ಕೆಳಗೂ ಅಷ್ಟ. ಪೆಟ್ರೋಲು ತನ್ನ ಭಾರಕ್ಕ ತಾ ಇಳೀತೈತಿ. ಊದದಿದ್ರ ಮ್ಯಾಲೂ ಇಲ್ಲ, ಚೆಲ್ಲೂ ಮಾತ ಇಲ್ಲ."

ಮಡಿವಾಳಪ್ಪನವರು ಗದ್ದ ತುರಿಸಿಕೊಂಡರು. ಅರ್ಥವಾಗಿತ್ತು, ಅದೇ ತೊಂದರೆ. ಅರ್ಥವಾದ ಮೇಲೆ ಅವರಿಗೂ ನೋಡುವ ಆಸೆ ಹುಟ್ಟಿತು.

"ಮಾಡು. ಆದರ ಧಾರವಾಡ ರಸ್ತೆ ಬ್ಯಾಡ, ಗಬ್ಬೂರ ಕಡಿ ಹೋಗೂಣು. ಮಂದಿ ನೋಡಬಾರದು."

ಮಕಬೂಲಸಾಬರು ತಾಮ್ರದ ಪೈಪು ಬಾಗಿಸಿ ಬೆಸೆದರು. ಟಾಕಿಯ ಮುಚ್ಚಳದಲ್ಲಿದ್ದ ಗಾಳಿಯ ತೂತನ್ನು ಮುಚ್ಚಿ, ತೊಗಲಿನ ವಾಶರ್ ಹಾಕಿ, ಸುತ್ತ ಬಟ್ಟೆ ಒಗೆಯುವ ಸಬಕಾರ ಮೆತ್ತಿದರು. ಪೆಟ್ರೋಲು ಎಲ್ಲವನ್ನೂ ಕರಗಿಸುತ್ತದೆ, ಸಬಕಾರವನ್ನು ಕರಗಿಸುವುದಿಲ್ಲ. ಬೆಂಕಿ ಬಿದ್ದರೆ ನೀವೂ ಇರಬೇಕು ಎಂದು ಲಾಲಸಾಬ ಹಟ ಹಿಡಿದದ್ದರಿಂದ ಅವರು ಅವನ ಪಕ್ಕದಲ್ಲಿ, ಟಾಕಿಯ ಹತ್ತಿರವೇ ಕೂತರು. ಸಾವಕಾರರು ಹಿಂದೆ.

ಗಬ್ಬೂರ ರಸ್ತೆ ಎರೆಹೊಲಗಳ ನಡುವೆ ನೆಟ್ಟಗೆ ಬಿದ್ದಿತ್ತು. ಲಾಲಸಾಬ ದೇವರನ್ನು ನೆನೆದು ತುಳಿದ. ಗಾಡಿ ಸಾಯಲಿಲ್ಲ. ಸಾವಕಾರರ ರುಮಾಲು ಹಾರಿ ಹೊಲಕ್ಕೆ ಬಿತ್ತು. ಹಳ್ಳದ ಸೇತುವೆ ಬಂದಾಗಷ್ಟೇ ಲಾಲಸಾಬ ಕಾಲು ತೆಗೆದ.

"ಎಪ್ಪಾ, ಎಂಥಾ ದನಿ!" ಮಡಿವಾಳಪ್ಪನವರು ಬೋಳುತಲೆಯಲ್ಲಿ ನಗುತ್ತಿದ್ದರು. "ಕೇಳಿದಿಲ್ಲೋ ಮಕಬೂಲಸಾಬ?"

ಮಕಬೂಲಸಾಬರು ಪೈಪಿನ ಜೋಡಿನಿಂದ ಮೆಲ್ಲಗೆ ಕೈ ತೆಗೆದರು. ಮುಖ ಸಪ್ಪಗಾಗಿತ್ತು.

"ಇಲ್ಲರೀ ಸಾವಕಾರ್ರ. ಎಲ್ಲಿ ಸೋರತೈತೋ ಅಂತ ಜೀವ ಎಲ್ಲಾ ಈ ಜೋಡಿನ್ಯಾಗ ಇತ್ತು. ಕಿವಿಗೆ ಏನೂ ಬೀಳಲಿಲ್ಲ."

ಲಾಲಸಾಬ ಟಾಕಿಯೊಳಗೆ ಕಡ್ಡಿ ಇಳಿಸಿ ನೋಡಿದ. "ಮನೀತನಕ ಹೋಗಾಕ ಸಾಕಾಗತೈತ್ರಿ, ಅಷ್ಟ."

ಸಾವಕಾರರು ರಸ್ತೆಯನ್ನು ನೋಡಿದರು. ದೂರದಲ್ಲಿ ಒಂದು ಬಂಡಿ ಬರುತ್ತಿತ್ತು.

"ಇಳಿ ಮಕಬೂಲಸಾಬ. ಆ ಬೇವಿನ ಗಿಡದ ಬುಡಕ ನಿಂದರು. ಲಾಲಸಾಬ, ಹಿಂದಕ ಹೋಗಿ ಮತ್ತೊಮ್ಮೆ ತುಳಕೋತ ಬಾ."

"ಬ್ಯಾಡ್ರಿ! ಮತ್ತ ಎತ್ತು ಹೂಡಬೇಕಾಗತೈತಿ. ಮಂದಿ ನಗತಾರ."

"ನಗಲಿ. ಇಳಿ ಅಂದೆ."

ಆ ದನಿ ಹೇಗಿತ್ತೆಂದು ಬರೆಯುವುದು ನನಗಾಗದು, ನಾನು ಕೇಳಿಲ್ಲ. ಮಕಬೂಲಸಾಬರು ಮಾತ್ರ ಗಾಡಿ ದಾಟಿ ಹೋಗಿ, ದೂಳು ಇಳಿದು, ಪೆಟ್ರೋಲು ತೀರಿ ಅದು ತಾನಾಗಿ ನಿಂತ ಮೇಲೂ ಬೇವಿನ ಬುಡದಲ್ಲೇ ಬಾಯಿ ತೆರೆದು ನಿಂತಿದ್ದರಂತೆ.

ಬಂಡಿಯ ಎತ್ತುಗಳು ಗಾಡಿಯನ್ನು ಹುಬ್ಬಳ್ಳಿಗೆ ಎಳೆದವು. ಹಿಂದಿನ ಸೀಟಿನಲ್ಲಿ ರುಮಾಲಿಲ್ಲದ ಸಾವಕಾರರು. ಮೆರವಣಿಗೆಯ ರೂಢಿಯಂತೆ ಪಕ್ಕದಲ್ಲಿ ಮಕಬೂಲಸಾಬರು ನಡೆಯುತ್ತಿದ್ದರು. ದುರ್ಗದ ಬೈಲು ಬಂದಾಗ ಅವರು ಕೇಳಿದರು.

"ಸಾವಕಾರ್ರ, ಗಾಡಿ ನನ್ನ ಕಡಿ ಬರೂತನಕ ದನಿ ಏರಿತ್ತು. ದಾಟಿದ ಕೂಡಲೆ ಇಳೀತು. ಲಾಲಸಾಬ ಕಾಲು ತಗದನೇನ್ರಿ?"

"ಇಲ್ಲಪಾ. ಒಳಗ ಒಂದ ಸಮ ಇತ್ತು."

"ಹಂಗಾರ ಹೊರಗ ಯಾಕ ಇಳೀತು?"

ಎರಡೂ ಬದಿಗೆ ಜನ ನಿಂತು ನಗುತ್ತಿದ್ದರು. ಯಾರೋ ಎತ್ತುಗಳ ಬಗ್ಗೆ ಕೂಗಿ ಏನೋ ಕೇಳಿದರು. ಮಡಿವಾಳಪ್ಪನವರಿಗೆ ಅದು ಕೇಳಿಸಲಿಲ್ಲ.

"ಖರೇನ, ಯಾಕ ಇಳೀತು?" ಎನ್ನುತ್ತ ಅವರು ಒಂದು ಬದಿಗೆ ಸರಿದು, ಮಕಬೂಲಸಾಬರಿಗೆ ಹತ್ತಿ ಕೂರಲು ಜಾಗ ಮಾಡಿದರು.